ಸೈಕ್ಲೋಫಾಸ್ಫಮೈಡ್ ಬರೆಯುವ ಮೊದಲು ನಾನು ಕೇಳುವ ಪ್ರಶ್ನೆ

ಮೊದಲ ವರ್ಷಗಳಲ್ಲಿ ಕಿಡ್ನಿಯ ವ್ಯಾಸ್ಕುಲೈಟಿಸ್ (ದೇಹದ ರೋಗನಿರೋಧಕ ಶಕ್ತಿಯೇ ತಿರುಗಿಬಿದ್ದು ಸಣ್ಣ ರಕ್ತನಾಳಗಳಲ್ಲಿ ಉರಿಯೂತ ತರುವ ರೋಗ) ಅಂತ ಬಂದ ಎಲ್ಲರಿಗೂ ನಾನು ಆ ಶಕ್ತಿಯನ್ನು ತಗ್ಗಿಸುವ ಸೈಕ್ಲೋಫಾಸ್ಫಮೈಡ್ ಕೊಡುತ್ತಿದ್ದೆ. ಕೆಲಸ ಮಾಡುವ ಔಷಧಿ, ಬೆಲೆಯೂ ಕಡಿಮೆ. ಹಾಗೆ ಹುಷಾರಾದ ಒಬ್ಬ ಹೆಣ್ಣುಮಗಳು ಮದುವೆಯಾದ ಮೇಲೆ ಮೈಸೂರಿನ ನನ್ನ ಓಪಿಡಿಗೆ ಬಂದಳು. "ಮುಟ್ಟೇ ನಿಂತೋಗಿದೆ ಸಾರ್. ಆ ಔಷಧಿಯಿಂದಾನಾ?" ಅಂದಳು. ಹೌದು ಅನ್ನಬೇಕಾಯಿತು. ಶುರು ಮಾಡುವಾಗ ನಾನು ಅದನ್ನು ಬಿಡಿಸಿ ಹೇಳಿರಲಿಲ್ಲ. ಆ ಮುಖ ಇನ್ನೂ ಕಣ್ಣ ಮುಂದಿದೆ.

ಅದಾದ ಮೇಲೆ ಮಂಡ್ಯ ಕಡೆಯಿಂದ ಇಪ್ಪತ್ತು ದಾಟಿದ ಇನ್ನೊಬ್ಬಳು ಬಂದಳು. ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಕಿಡ್ನಿ ಸೋತಷ್ಟೂ ರಕ್ತದಲ್ಲಿ ಏರುವ ಕ್ರಿಯಾಟಿನಿನ್ 3.1, ಈ ರೋಗದ ಸುಳಿವು ಕೊಡುವ ಆಂಕಾ ರಕ್ತಪರೀಕ್ಷೆ ಪಾಸಿಟಿವ್. ಬಯಾಪ್ಸಿ ಆದ ದಿನವೇ ಸ್ಟೀರಾಯ್ಡ್ ಡ್ರಿಪ್ ಹಾಕಿದೆ, ಅದಕ್ಕೆ ಕಾಯುವಂತಿಲ್ಲ. ಜೊತೆಗೆ ಯಾವ ಔಷಧಿ ಅಂತ ಯೋಚಿಸಲು ಮಾತ್ರ ಒಂದೆರಡು ದಿನ ಸಿಗುತ್ತದೆ. ಈ ಸಲ ಮೊದಲು ಅವಳನ್ನೇ ಕೇಳಿದೆ: "ಮುಂದೆ ಮಕ್ಕಳು ಬೇಕು ಅಂತಿದೆಯಾ ಅಮ್ಮ?" ಪಕ್ಕದಲ್ಲಿದ್ದ ತಾಯಿ ಅಳಲು ಶುರು ಮಾಡಿದರು.

ರೋಗನಿರೋಧಕ ವ್ಯವಸ್ಥೆಯ ಬಿ ಕಣಗಳನ್ನಷ್ಟೇ ಗುರಿಯಿಡುವ ರಿಟುಕ್ಸಿಮ್ಯಾಬ್ ಆರಿಸಿದೆ. ಇವೆರಡು ಔಷಧಿಗಳನ್ನು ಹೋಲಿಸಿದ 2010ರ ರೇವ್ ಅಧ್ಯಯನದಲ್ಲಿ 197 ಜನರಿದ್ದರು. ಆರು ತಿಂಗಳಿಗೆ ಸ್ಟೀರಾಯ್ಡ್ ಬಿಟ್ಟೂ ರೋಗ ಅಡಗಿದ್ದವರು ರಿಟುಕ್ಸಿಮ್ಯಾಬ್ ಕಡೆ 64%, ಸೈಕ್ಲೋಫಾಸ್ಫಮೈಡ್ ಕಡೆ 53%. ರೋಗ ಮರುಕಳಿಸಿ ಬಂದವರಲ್ಲಿ ಅಂತರ ಇನ್ನೂ ಜಾಸ್ತಿ, 67%ಕ್ಕೆ 42%. ಆದರೆ ಕ್ರಿಯಾಟಿನಿನ್ 4 ದಾಟಿದವರನ್ನು ಅದರಲ್ಲಿ ಸೇರಿಸಿರಲಿಲ್ಲ. ಇದನ್ನು ಮರೆತು ಆ ಅಂಕಿಗಳನ್ನು ಎಲ್ಲರಿಗೂ ಹಚ್ಚಬಾರದು. ಇವಳದ್ದು 3.1, ಹಾಗಾಗಿ ಧೈರ್ಯವಿತ್ತು. ಹೆಪಟೈಟಿಸ್ ಬಿ ಇಲ್ಲ ಅಂತ ಖಾತ್ರಿಯಾದ ಮೇಲೆ ವಾರಕ್ಕೊಂದರಂತೆ ನಾಲ್ಕು ಡೋಸ್ ಕೊಟ್ಟೆ. ನಮ್ಮ ದೇಶದಲ್ಲೇ ತಯಾರಾದದ್ದು ಸಿಕ್ಕರೂ ಅವರ ಮನೆಯವರು ಒಡವೆ ಅಡ ಇಡಬೇಕಾಯಿತು.

ಅದೇ ತಿಂಗಳು ಮದ್ದೂರು ಕಡೆಯ ಕಬ್ಬು ಬೆಳೆಗಾರರೊಬ್ಬರು ಬಂದರು. ಅರವತ್ತು ದಾಟಿದ್ದರು, ಕ್ರಿಯಾಟಿನಿನ್ 5.2. ಅವರಿಗೆ ಸೈಕ್ಲೋಫಾಸ್ಫಮೈಡ್ ಅನ್ನೇ ಕೊಟ್ಟೆ, ಆದರೆ ದಿನಾ ನುಂಗುವ ಮಾತ್ರೆಯಲ್ಲ, ಡ್ರಿಪ್‌ನಲ್ಲಿ. ಮೊದಲ ಮೂರು ಡೋಸ್ ಎರಡು ವಾರಕ್ಕೊಂದು, ಆಮೇಲೆ ಮೂರು ವಾರಕ್ಕೊಂದು. ಡ್ರಿಪ್‌ನಲ್ಲಿ ಒಟ್ಟು ಔಷಧಿ ಕಡಿಮೆ ಸಾಕು, ಬಿಳಿ ರಕ್ತಕಣ ಕುಸಿಯುವುದೂ ಕಡಿಮೆ. ರೋಗ ಮರುಕಳಿಸುವುದು ಮಾತ್ರ ಸ್ವಲ್ಪ ಜಾಸ್ತಿ. ಕಿಲೋಗೆ 15 ಮಿಲಿಗ್ರಾಂ ಅನ್ನುವುದನ್ನು ವಯಸ್ಸಿಗೆ ಎರಡೂವರೆ, ಕಿಡ್ನಿಗೆ ಎರಡೂವರೆ ಕಳೆದು 10ಕ್ಕೆ ಇಳಿಸಿದೆ. ಪ್ರತಿ ಡೋಸ್ ಆದ ಹತ್ತನೇ ದಿನ ಊರಿನ ಲ್ಯಾಬ್‌ನಲ್ಲೇ ರಕ್ತ ಕೊಟ್ಟು, ರಿಪೋರ್ಟನ್ನು ವಾಟ್ಸಾಪ್‌ನಲ್ಲಿ ಕಳಿಸುತ್ತಿದ್ದರು.

ಅವರ ಮಗ ಒಂದೇ ಸಮ ಕೇಳಿದ್ದು ಪ್ಲಾಸ್ಮಾ, ಅಂದರೆ ರಕ್ತದ ದ್ರವಭಾಗ, ಬದಲಾಯಿಸುವ ಬಗ್ಗೆ. "ಸಾಲ ಮಾಡಿಯಾದ್ರೂ ಮಾಡಿಸ್ತೀವಿ ಸಾರ್." 2020ರ ಪೆಕ್ಸಿವಾಸ್ ಅಧ್ಯಯನದಲ್ಲಿ 704 ಜನರಿದ್ದರು. ಪ್ಲಾಸ್ಮಾ ಬದಲಾಯಿಸಿದ್ದರಿಂದ ಸಾವಾಗಲಿ ಕಿಡ್ನಿ ಪೂರ್ತಿ ಕೈಕೊಡುವುದಾಗಲಿ ಕಡಿಮೆಯಾಗಲಿಲ್ಲ. ಈ ಬೆಳೆಗಾರರ ಶ್ವಾಸಕೋಶದಲ್ಲಿ ರಕ್ತಸ್ರಾವವೂ ಇರಲಿಲ್ಲ. ಬೇಡ ಅಂದೆ. ಅದೇ ಅಧ್ಯಯನದಿಂದ ಇನ್ನೊಂದನ್ನು ತೆಗೆದುಕೊಂಡೆ: ಸ್ಟೀರಾಯ್ಡ್ ಬೇಗ ಇಳಿಸಿದರೂ ಫಲ ಕೆಡುವುದಿಲ್ಲ, ಸೋಂಕು ಕಡಿಮೆಯಾಗುತ್ತದೆ. ಮೊದಲ ವಾರ 60 ಮಿಲಿಗ್ರಾಂ, ಎರಡನೇ ವಾರಕ್ಕೇ 30.

ನಾಲ್ಕನೇ ಡೋಸ್ ಹೊತ್ತಿಗೆ ಅವರ ಬಿಳಿ ಕಣ 3,200ಕ್ಕೆ ಇಳಿದಿತ್ತು. ಒಂದು ವಾರ ತಡೆದು, ಪ್ರಮಾಣ ಇಳಿಸಿ ಕೊಟ್ಟೆ. ಕ್ರಿಯಾಟಿನಿನ್ 2.1ಕ್ಕೆ ಬಂದು ನಿಂತಿದೆ. ಡಯಾಲಿಸಿಸ್ ಬೇಕಾಗಲಿಲ್ಲ. ಹುಡುಗಿಗೆ ಮುಟ್ಟು ಸರಿಯಾಗಿ ಬರುತ್ತಿದೆ, ಆರು ತಿಂಗಳಿಗೊಮ್ಮೆ 500 ಮಿಲಿಗ್ರಾಂ ರಿಟುಕ್ಸಿಮ್ಯಾಬ್ ನಡೆಯುತ್ತಿದೆ. ಮುಂದಿನ ಡೋಸ್ ದಸರಾ ಮುಗಿದ ಮೇಲೆ.