ಬರ್ಮಾ ವಲಸಿಗರ ಆದಾಯ: ಹೋಲಿಸುವ ಮೊದಲು ಮನೆಮಂದಿ ಎಣಿಸಿ

ಅಮೆರಿಕದ ಬರ್ಮಾ ವಲಸಿಗರ ಬಗ್ಗೆ ಪ್ರಾಜೆಕ್ಟ್ ಮಾಡುವ ಕಾಸರಗೋಡಿನ ವಿದ್ಯಾರ್ಥಿಗಳು ಎಡವುವುದು ಮನೆಯ ಒಟ್ಟು ಆದಾಯದಲ್ಲಿ. ಅಲ್ಲಿನ ಜನಗಣತಿ ಇಲಾಖೆ ನಡೆಸುವ ಅಮೆರಿಕನ್ ಕಮ್ಯುನಿಟಿ ಸರ್ವೆಯ ಐದು ವರ್ಷದ ಅಂದಾಜನ್ನೇ ತೆಗೆದುಕೊಳ್ಳಿ. ಸಣ್ಣ ಸಮುದಾಯಕ್ಕೆ ಒಂದು ವರ್ಷದ ಸ್ಯಾಂಪಲ್ ಸಾಲದು, ಅಂಕಿ ಜಿಗಿದಾಡುತ್ತದೆ. ಸರಾಸರಿ ಬೇಡ, ಮಧ್ಯಾಂಕ (ಆದಾಯಗಳನ್ನು ಕ್ರಮವಾಗಿ ಜೋಡಿಸಿದಾಗ ನಟ್ಟನಡುವೆ ಬರುವ ಅಂಕಿ) ಬರೆಯಿರಿ. ಮನೆಮಂದಿಯ ಸಂಖ್ಯೆಯನ್ನು ಪಕ್ಕದಲ್ಲೇ ಇಡಿ: 60,000 ಡಾಲರ್ ಬರುವ ಮನೆಯಲ್ಲಿ ಆರು ಮಂದಿಯಿದ್ದರೆ ತಲೆಗೆ 10,000, ಮೂವರಿದ್ದರೆ 20,000. ಕುಂಬಳೆಯ ಕೂಡುಕುಟುಂಬ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬಂದ ವರ್ಷಕ್ಕೂ ಒಂದು ಕಾಲಂ ಬೇಕು. 1962ರ ಸೇನಾಡಳಿತದ ನಂತರ ಹೋದ ಓದಿದವರು ಬೇರೆ, ಥಾಯ್ ಗಡಿಯ ಶಿಬಿರಗಳಿಂದ ಹೋದ, ಬರ್ಮಾದ ಕರೆನ್ ಜನಾಂಗದ ನಿರಾಶ್ರಿತರು ಬೇರೆ. ಎರಡನ್ನೂ ಕಲಸಿದರೆ ಸಾರಿಗೆ ಪಾಯಸ ಸುರಿದ ಹಾಗೆ. ಕರೆನ್, ಚಿನ್ ಜನಾಂಗದವರು ಸರ್ವೆ ಫಾರಂನಲ್ಲಿ ‘ಬರ್ಮೀಸ್’ ಎಂದು ಬರೆಯದೆಯೂ ಇರಬಹುದು. ಹುಟ್ಟಿದ ದೇಶದ ಅಂಕಿಯೊಂದಿಗೆ ತಾಳೆ ನೋಡಿ.