ಸೆಫಲೋಸ್ಪೋರಿನ್: ಸೂಜಿಯಾ, ಮಾತ್ರೆಯಾ? ಚೀಟಿ ಓದುವುದು ಹೀಗೆ

‘ಮಾತ್ರೆ ಬೇಡ ಡಾಕ್ಟ್ರೇ, ಒಂದು ಸೂಜಿ ಹಾಕಿಬಿಡಿ’ ಅನ್ನುವವರು ಇನ್ನೂ ಇದ್ದಾರೆ. ಸೂಜಿಗೆ ಪವರ್ ಜಾಸ್ತಿ ಅನ್ನೋ ನಂಬಿಕೆ. ಸೆಫಲೋಸ್ಪೋರಿನ್ ಗುಂಪಿನ ಆಂಟಿಬಯೋಟಿಕ್‌ಗಳಲ್ಲಿ ಲೆಕ್ಕ ಅಷ್ಟು ಸುಲಭವಿಲ್ಲ.

ಮೊದಲು ಹೆಸರು ನೋಡಿ. ಬ್ರಾಂಡ್ ಅಲ್ಲ, ಸಣ್ಣಕ್ಷರದಲ್ಲಿರುವ ಔಷಧಿಯ ಹೆಸರು. ಸೆಫ್ಟ್ರಿಯಾಕ್ಸೋನ್ ಅಂತಿದ್ದರೆ ಸೂಜಿಯೇ ಗತಿ. ನುಂಗಿದರೆ ಕರುಳು ಅದನ್ನು ಹೀರಿಕೊಳ್ಳುವುದಿಲ್ಲ. ಸೆಫಲೆಕ್ಸಿನ್ ಹಾಗಲ್ಲ, ನುಂಗಿದ್ದರಲ್ಲಿ ಸುಮಾರು 90% ರಕ್ತಕ್ಕೆ ಸೇರುತ್ತದೆ. ಸೆಫಿಕ್ಸಿಮ್ ಸೇರುವುದು ಹೆಚ್ಚೂಕಡಿಮೆ ಅರ್ಧ. ಎಷ್ಟೋ ಸೋಂಕುಗಳಿಗೆ ಅಷ್ಟೇ ಸಾಕು.

ಆಮೇಲೆ ಕಾಯಿಲೆ ಯಾವುದು ಅಂತ ಕೇಳಿ. ಮೆದುಳಿನ ಪೊರೆಯ ಸೋಂಕು, ರಕ್ತಕ್ಕೆ ಹರಡಿದ ಸೋಂಕು, ನಿಲ್ಲದ ವಾಂತಿ ಇದ್ದರೆ ಸೂಜಿ ಬೇಕೇ ಬೇಕು. ಟೈಫಾಯ್ಡ್‌ನಲ್ಲಿ ಎರಡೂ ಬರಬಹುದು. ಅಡ್ಮಿಟ್ ಆದಾಗ ಸೆಫ್ಟ್ರಿಯಾಕ್ಸೋನ್, ಜ್ವರ ಇಳಿದು ಊಟ ಸೇರತೊಡಗಿದ ಮೇಲೆ ಸೆಫಿಕ್ಸಿಮ್ ಮಾತ್ರೆ. ಸರಿಯಾದ ಔಷಧಿ ಕೊಟ್ಟರೂ ಈ ಜ್ವರ ನಾಲ್ಕೈದು ದಿನ ಕಾಡುವುದುಂಟು. ಎರಡನೇ ದಿನಕ್ಕೇ ‘ಔಷಧಿ ಹಿಡಿಸಲಿಲ್ಲ’ ಅಂತ ಆಸ್ಪತ್ರೆ ಬದಲಿಸಬೇಡಿ. ನೆಗಡಿ, ವೈರಲ್ ಜ್ವರಕ್ಕಂತೂ ಎರಡೂ ದಂಡ.

ಮಾತ್ರೆಯಾದರೆ ಊಟದ ವಿಷಯ ಕೇಳಿಕೊಳ್ಳಿ. ಸೆಫ್ಯುರಾಕ್ಸಿಮ್, ಸೆಫ್ಪೊಡಾಕ್ಸಿಮ್ ಮಾತ್ರೆಗಳು ಊಟದ ಜೊತೆ ಚೆನ್ನಾಗಿ ಸೇರುತ್ತವೆ. ಸೆಫ್ಪೊಡಾಕ್ಸಿಮ್ ಜೊತೆಗೇ ಗ್ಯಾಸ್ ಮಾತ್ರೆ ನುಂಗಿದರೆ ಅದು ರಕ್ತಕ್ಕೆ ಸೇರುವುದು ಕಡಿಮೆಯಾಗುತ್ತದೆ. ಆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿ.

ಮಕ್ಕಳ ಡ್ರೈ ಸಿರಪ್ ಕಲಸುವಾಗ ತುಂಬಾ ಜನ ಎಡವುತ್ತಾರೆ. ಬಾಟಲಿಯನ್ನು ತಟ್ಟಿ ಪುಡಿ ಸಡಿಲಿಸಿ. ಕುದಿಸಿ ಆರಿಸಿದ ನೀರನ್ನು ಗುರುತಿಗಿಂತ ಸ್ವಲ್ಪ ಕೆಳಗಿನವರೆಗೆ ಹಾಕಿ ಕುಲುಕಿ. ನೊರೆ ಇಳಿದ ಮೇಲೆ ಗುರುತು ಮುಟ್ಟುವಷ್ಟು ನೀರು ಸೇರಿಸಿ. ನೊರೆಯನ್ನೇ ನೀರು ಅಂದುಕೊಂಡರೆ ಔಷಧಿ ಗಟ್ಟಿಯಾಗಿ ಡೋಸ್ ಜಾಸ್ತಿಯಾಗುತ್ತದೆ. ಕಲಸಿದ ದಿನಾಂಕವನ್ನು ಬಾಟಲಿ ಮೇಲೆ ಬರೆದಿಡಿ, ಲೇಬಲ್ ಹೇಳಿದ ದಿನ ಮುಗಿದ ಮೇಲೆ ಉಳಿದದ್ದನ್ನು ಚೆಲ್ಲಿ.

ಸೂಜಿಯನ್ನು ಆಸ್ಪತ್ರೆಯಲ್ಲೇ ಹಾಕಿಸಿ. ಸೆಫ್ಟ್ರಿಯಾಕ್ಸೋನ್‌ನ್ನು ಕ್ಯಾಲ್ಸಿಯಂ ಇರುವ ಡ್ರಿಪ್ ಜೊತೆ ಬೆರೆಸಬಾರದು. ಹಸುಗೂಸುಗಳಿಗೆ ಇದು ಪ್ರಾಣಾಪಾಯ. ಪೆನಿಸಿಲಿನ್ ಅಲರ್ಜಿ ಆಗಿದ್ದರೆ ಸೂಜಿಯಾಗಲಿ ಮಾತ್ರೆಯಾಗಲಿ ಮೊದಲೇ ಹೇಳಿಬಿಡಿ.

ಮೆಡಿಕಲ್ ಶಾಪ್‌ನವರು ಚೀಟಿ ಕೇಳಿದರೆ ಮುನಿಸಿಕೊಳ್ಳಬೇಡಿ. ಸೆಫಿಕ್ಸಿಮ್, ಸೆಫ್ಟ್ರಿಯಾಕ್ಸೋನ್ ಎರಡೂ ಎಚ್1 ಪಟ್ಟಿಯಲ್ಲಿವೆ, ಅಂದರೆ ಡಾಕ್ಟರ ಚೀಟಿ ಇಲ್ಲದೆ ಮಾರಬಾರದ ಔಷಧಿಗಳ ಸರ್ಕಾರಿ ಪಟ್ಟಿ. 2014ರ ಮಾರ್ಚ್‌ನಿಂದ ಅವರು ಯಾರಿಗೆ, ಎಷ್ಟು ಕೊಟ್ಟೆವು ಅಂತ ಬೇರೆ ರಿಜಿಸ್ಟರ್‌ನಲ್ಲಿ ಬರೆದು 3 ವರ್ಷ ಇಡಲೇಬೇಕು.