ಬಾಣಂತಿ ಕೋಣೆಗೆ ನಾನು ಹೀಟರ್ ಆಯ್ದುಕೊಂಡದ್ದು

ಕಳೆದ ಡಿಸೆಂಬರ್‌ನಲ್ಲಿ ಮಗಳು ಬಾಣಂತನಕ್ಕೆ ನಮ್ಮಲ್ಲೇ ಇದ್ದಳು. ಮಗು ಹುಟ್ಟಿದಾಗ 2 ಕೆಜಿ 300 ಗ್ರಾಂ ಇತ್ತು. ಮನೆಗೆ ಕಳಿಸುವಾಗ ಮಕ್ಕಳ ಡಾಕ್ಟರು ಒಂದೇ ವಿಷಯ ಒತ್ತಿ ಹೇಳಿದರು. ತೂಕ ಕಡಿಮೆ ಇದೆ, ಮಗು ತಣ್ಣಗಾಗಬಾರದು. ತಾಯಿ ಮೈಗೆ ಮೈ ತಾಗುವ ಹಾಗೆ ಎದೆ ಮೇಲೆ ಹಾಕಿಕೊಳ್ಳಲಿ, ತಲೆಗೆ ಟೋಪಿ ಇರಲಿ, ಕೋಣೆ 24-25 ಡಿಗ್ರಿ ಇದ್ದರೆ ಒಳ್ಳೇದು.

ನಮ್ಮ ಮನೆ ಇರುವುದು ಚಿತ್ರದುರ್ಗದಲ್ಲಿ, ಕೋಟೆ ಬುಡದ ಬೀದಿಯಲ್ಲಿ. ಹಗಲು ಬಿಸಿಲು ಚುರುಕಾಗೇ ಇರುತ್ತದೆ. ಸಂಜೆ ಆದರೆ ಗಾಳಿ ಏಳುತ್ತದೆ. ಊರ ಸುತ್ತಲ ಗುಡ್ಡಗಳ ಮೇಲೆ ಸಾಲು ಸಾಲು ಗಾಳಿಯಂತ್ರ ನಿಲ್ಲಿಸಿರುವುದು ಸುಮ್ನೆ ಅಲ್ಲ. ಬೆಳಗಿನ ಜಾವ ನಾಲ್ಕು ಗಂಟೆಗೆ ಆ ಕೋಣೆಯಲ್ಲಿ ಥರ್ಮಾಮೀಟರ್ 18 ತೋರಿಸಿತು. ನೆಲಕ್ಕೆ ಕಡಪ ಕಲ್ಲು, ಕಾಲಿಟ್ಟರೆ ಜುಮ್ಮೆನ್ನುತ್ತಿತ್ತು.

ಅವ್ವ ಆಗಲೇ ಹಿತ್ತಿಲಿಂದ ಹಳೇ ಅಗ್ಗಿಷ್ಟಿಕೆ ತಂದು ತೊಳೆದಿಟ್ಟಿದ್ದಳು. "ಕರೆಂಟಿನ ಕಾವು ಬಾಣಂತಿ ಮೈಗೆ ಹಿಡಿಯಲ್ಲಪ್ಪ. ನಾಲ್ಕು ಕೆಂಡ ಹಾಕಿ ಬಾಗಿಲು ಮುಂದೆ ಮಾಡಿದ್ರೆ ಆಯ್ತು" ಅಂದಳು.

ನಾನು ಒಪ್ಪಲಿಲ್ಲ. ಇದೇ ಮಗಳು ಹುಟ್ಟಿದಾಗ ನನ್ನ ಹೆಂಡತಿ ತವರಿನಲ್ಲಿ ಬಾಣಂತಿ ಆಗಿದ್ದಳು. ಒಂದು ರಾತ್ರಿ ಅವಳಿಗೆ ತಲೆ ಸಿಡಿಯುವಂಥ ನೋವು, ವಾಂತಿ. ಎದ್ದು ನಿಂತರೆ ಕಾಲು ನಿಲ್ಲುತ್ತಿರಲಿಲ್ಲ. ದೃಷ್ಟಿ ಆಗಿದೆ ಅಂತ ಮೆಣಸಿನಕಾಯಿ ನಿವಾಳಿಸಿದರು. ಹೊರಗಿನ ಪಡಸಾಲೆಗೆ ತಂದು ಕೂರಿಸಿದ ಮೇಲೆ ನಿಧಾನಕ್ಕೆ ಸುಧಾರಿಸಿದಳು. ಅದು ದೃಷ್ಟಿ ಅಲ್ಲ, ಕೆಂಡದ ಗಾಳಿ ಅಂತ ನನಗೆ ತಿಳಿದದ್ದು ಎಷ್ಟೋ ವರ್ಷ ಆದ ಮೇಲೆ. ಕೆಂಡ ಸಾಕಷ್ಟು ಗಾಳಿ ಸಿಗದೆ ಉರಿಯುವಾಗ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ನಮ್ಮ ರಕ್ತ ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಬಿಗಿಯಾಗಿ ಅದನ್ನು ಹಿಡಿದುಕೊಳ್ಳುತ್ತದೆ. ಕೆಂಡ ಚೆನ್ನಾಗಿ ನಿಗಿನಿಗಿ ಅಂತಿದೆ, ಹೊಗೆ ಇಲ್ಲ, ಇನ್ನೇನು ಭಯ ಅಂತಾರೆ. ಹೊಗೆ ಕಾಣದಿದ್ದರೂ ಆ ಗಾಳಿ ಇದ್ದೇ ಇರುತ್ತದೆ. ಇದನ್ನೆಲ್ಲ ಅವ್ವನ ಮುಂದೆ ಕೂತು ಹೇಳಿದೆ. ಸೊಸೆಗೆ ಆಗಿದ್ದು ಅವಳಿಗೂ ನೆನಪಿತ್ತು. ಅಗ್ಗಿಷ್ಟಿಕೆ ಹಿತ್ತಿಲಿಗೆ ವಾಪಸ್ ಹೋಯಿತು.

ಆವತ್ತೇ ರಾತ್ರಿಗೆ ಏನಾದರೂ ಬೇಕಲ್ಲ. ನಮ್ಮೂರಲ್ಲಿ ಗೀಸರ್ ಸಿಕ್ಕಷ್ಟು ಸುಲಭಕ್ಕೆ ರೂಮ್ ಹೀಟರ್ ಸಿಗುವುದಿಲ್ಲ. ಒಂದು ಅಂಗಡಿಯಲ್ಲಿ ಎರಡು ರಾಡಿನ ಹೀಟರ್ ಇತ್ತು, 1,100 ರೂಪಾಯಿ ಕೊಟ್ಟು ತಂದೆ. ಕೋಣೆಗೆ ಇಡುವ ಮೊದಲು ಪಡಸಾಲೆಯಲ್ಲೇ ಹಾಕಿ ಮೆಲ್ಲಗೆ ಮುಂದಕ್ಕೆ ಬಾಗಿಸಿ ನೋಡಿದೆ. ರಾಡು ಕೆಂಪಗೆ ಉರಿಯುತ್ತಲೇ ಇತ್ತು. ನೆಲಕ್ಕೆ ಬಿದ್ದರೆ ತಾನೇ ಆಫ್ ಆಗುವ ಸ್ವಿಚ್ ಅದರಲ್ಲಿ ಇರಲೇ ಇಲ್ಲ. ರಾತ್ರಿ ಎರಡಕ್ಕೆ ನಿದ್ದೆಗಣ್ಣಲ್ಲಿ ಏಳುವ ಬಾಣಂತಿ, ಮಂಚದಿಂದ ಇಳಿಬಿದ್ದ ಹೊದಿಕೆ, ಅದರ ಪಕ್ಕ ಈ ಹೀಟರ್! ಪ್ಲಗ್ ಕಿತ್ತು ಅಟ್ಟಕ್ಕೆ ಹಾಕಿದೆ. ಆ ರಾತ್ರಿ ಎರಡು ಕಂಬಳಿ, ಬಿಸಿನೀರಿನ ಚೀಲ, ತಾಯಿಯ ಎದೆ, ಇಷ್ಟರಲ್ಲೇ ಕಳೆಯಿತು.

ಬೋರ್‌ವೆಲ್ ಮೋಟರ್ ರೀವೈಂಡಿಂಗ್ ನನ್ನ ಕಸುಬು. ಇಪ್ಪತ್ತೆರಡು ವರ್ಷದಿಂದ ಸುಟ್ಟ ಕಾಯಿಲ್ ಬಿಚ್ಚುತ್ತಾ ಬಂದಿದ್ದೇನೆ. ಮೋಟರ್ ಸುಟ್ಟಿದೆ ಅಂತ ತಂದವರ ಹೊಲಕ್ಕೆ ಹೋಗಿ ನೋಡಿದರೆ, ಎಷ್ಟೋ ಸಲ ತಪ್ಪು ಇರುವುದು ಸ್ಟಾರ್ಟರ್ ಬೋರ್ಡಿನಲ್ಲಿ, ಸಡಿಲ ವೈರಿನಲ್ಲಿ. ಅದಕ್ಕೇ ಮರುದಿನ ಅಂಗಡಿಗೆ ಹೋಗುವ ಮೊದಲು ಕೋಣೆಯ ಗೋಡೆ ನೋಡಿದೆ.

ಅಲ್ಲಿದ್ದದ್ದು 6 ಆಂಪ್ಸ್ ಸಾಕೆಟ್, ಅದಕ್ಕೆ ಹೋಗಿದ್ದು ಲೈಟಿಗೆ ಎಳೆದ ಸಣ್ಣ ವೈರು. 2000 ವ್ಯಾಟಿನ ಹೀಟರ್ 230 ವೋಲ್ಟಿಗೆ 8.7 ಆಂಪ್ಸ್ ಎಳೆಯುತ್ತದೆ. ಗಂಟೆಗಟ್ಟಲೆ ಎಳೆಯುತ್ತದೆ, ಮಿಕ್ಸಿ ತರ ಎರಡು ನಿಮಿಷ ಅಲ್ಲ. ದಪ್ಪ ಪಿನ್ನಿನ ಪ್ಲಗ್ಗನ್ನು ಕನ್ವರ್ಟರ್ ಹಾಕಿ ಸಣ್ಣ ಸಾಕೆಟ್ಟಿಗೆ ತುರುಕುವವರು, ಮೊಬೈಲ್ ಚಾರ್ಜ್ ಮಾಡುವ ಎಕ್ಸ್‌ಟೆನ್ಶನ್ ಬಾಕ್ಸಿಗೆ ಹೀಟರ್ ಚುಚ್ಚುವವರು ಇದನ್ನೊಂದು ಯೋಚಿಸಬೇಕು. ನಾನು ಮೇನ್ ಬೋರ್ಡಿನಿಂದ 2.5 ಚದರ ಮಿಲಿಮೀಟರ್ ತಾಮ್ರದ ವೈರು ಬೇರೆಯೇ ಎಳೆದು, 16 ಆಂಪ್ಸ್ ಸಾಕೆಟ್ ಕೂರಿಸಿ, ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್, ಅಂದರೆ ಒಂದು ಎಂಸಿಬಿ, ಅದಕ್ಕೆ ಕೊಟ್ಟೆ. ಕರೆಂಟ್ ಸೋರಿದ ತಕ್ಷಣ ಲೈನ್ ಕಟ್ ಮಾಡುವ 30 ಮಿಲಿ ಆಂಪ್ಸಿನ ಆರ್‌ಸಿಸಿಬಿ ಇರಲಿಲ್ಲ, ಅದನ್ನೂ ಹಾಕಿದೆ.

ಅದನ್ನು ಹಾಕುವ ಮೊದಲೇ ಅರ್ಥಿಂಗ್ ನೋಡಿದ್ದೆ. ಟೆಸ್ಟ್ ಲ್ಯಾಂಪ್ ಅನ್ನು ಫೇಸಿಗೂ ಅರ್ಥಿಗೂ ಹಿಡಿದರೆ ಬಲ್ಬು ಮಂಕಾಗಿ ಉರಿಯಿತು. ಅರ್ಥ್ ಸರಿ ಇಲ್ಲ ಅಂತ ಅದರ ಅರ್ಥ. ಗುಂಡಿ ಬಗೆದು ನೋಡಿದೆ, ಮಣ್ಣು ಒಣಗಿ ಬಿರುಕು ಬಿಟ್ಟಿತ್ತು, ಪೈಪಿನ ತುದಿಯ ನಟ್ಟು ತುಕ್ಕು ಹಿಡಿದಿತ್ತು. ಹೊಸ ಪೈಪು ಇಳಿಸಿ, ಇದ್ದಿಲು ಉಪ್ಪು ತುಂಬಿ, ನೀರು ಹಾಕಿದೆ. ಬಲ್ಬು ಬೆಳ್ಳಗೆ ಬೆಳಗಿತು. ಕಬ್ಬಿಣದ ಮೈ ಇರುವ ಹೀಟರ್ ತರಬೇಕಾದರೆ ಇದು ಮಾಡಲೇಬೇಕಾದ ಕೆಲಸ. ಈ ಕೆಲಸ ಗೊತ್ತಿಲ್ಲದವರು ಎಲೆಕ್ಟ್ರಿಷಿಯನ್‌ನ ಕರೆಸಿ. ಅವರಿಗೆ ಕೊಡುವ ದುಡ್ಡನ್ನೂ ಹೀಟರ್ ಬೆಲೆಗೆ ಸೇರಿಸಿಯೇ ಲೆಕ್ಕ ಹಾಕಿ.

ವೈಂಡಿಂಗ್ ವೈರ್ ತರಲು ದಾವಣಗೆರೆಗೆ ಹೋಗಬೇಕಿತ್ತು. ಹೀಟರನ್ನೂ ಅಲ್ಲೇ ನೋಡಿದೆ. ಅಂಗಡಿಯ ಹುಡುಗ "ಅಂಕಲ್, ಇದು ಕರೆಂಟ್ ಉಳಿಸುತ್ತೆ" ಅಂತ ಒಂದೊಂದಕ್ಕೂ ಹೇಳಿದ. ನಿಜ ಏನಂದರೆ, 1000 ವ್ಯಾಟ್ ಎಳೆಯುವ ಹೀಟರ್ 1000 ವ್ಯಾಟಿನ ಕಾವನ್ನೇ ಕೊಡುತ್ತದೆ. 1,200 ರೂಪಾಯಿದೂ ಅಷ್ಟೇ, 9,000 ರೂಪಾಯಿದೂ ಅಷ್ಟೇ. ಒಂದು ಗಂಟೆ ಉರಿದರೆ ಒಂದು ಯೂನಿಟ್. ವ್ಯತ್ಯಾಸ ಇರುವುದು ಆ ಕಾವು ಎಲ್ಲಿಗೆ ಹೋಗುತ್ತದೆ, ಬೇಕಾದಷ್ಟು ಆದ ಮೇಲೆ ಹೀಟರ್ ತಾನೇ ನಿಲ್ಲುತ್ತದಾ ಅನ್ನುವುದರಲ್ಲಿ.

ರಾಡಿನದು ಎದುರಿಗೆ ಕೂತವರಿಗೆ ಕಾವು ಕೊಡುತ್ತದೆ, ಕೋಣೆಗೆ ಅಲ್ಲ. ಒಬ್ಬರೇ ಕೂತು ಓದುವವರಿಗೆ, ಹೊಲಿಯುವವರಿಗೆ 400 ವ್ಯಾಟಿನ ಒಂದು ರಾಡು ಸಾಕು, ಅದು ನಿಜಕ್ಕೂ ಅಗ್ಗ. ಆದರೆ ಮಗು ಮಲಗುವ ಕೋಣೆಗೆ ಆಗದು, ರಾತ್ರಿಯೆಲ್ಲ ಕಣ್ಣಿಗೆ ಬೆಳಕು ಬೇರೆ. ಫ್ಯಾನ್ ಇರುವ ಬ್ಲೋವರ್ ಹತ್ತೇ ನಿಮಿಷದಲ್ಲಿ ಸಣ್ಣ ಕೋಣೆಯನ್ನು ಬೆಚ್ಚಗೆ ಮಾಡುತ್ತದೆ. ಸದ್ದು ಜಾಸ್ತಿ, ಧೂಳು ಏಳಿಸುತ್ತದೆ, ಆಫ್ ಮಾಡಿದರೆ ಕಾವು ಅಲ್ಲಿಗೇ ಮುಗಿಯಿತು. ನನಗೆ ಒಪ್ಪಿದ್ದು ಆಯಿಲ್ ಹೀಟರ್. ಒಂಬತ್ತು ರೆಕ್ಕೆಯದು, 800, 1200, 2000 ವ್ಯಾಟಿಗೆ ಮೂರು ಸ್ವಿಚ್. ನಿಧಾನಕ್ಕೆ ಕಾಯುತ್ತದೆ, ಆಫ್ ಆದ ಮೇಲೂ ಅರ್ಧ ಗಂಟೆ ಕಾವು ಬಿಡುತ್ತದೆ, ಸದ್ದಿಲ್ಲ, ಬೆಳಕಿಲ್ಲ. ಒಳಗಿನ ಎಣ್ಣೆ ಉರಿಯುವುದಿಲ್ಲ, ಖಾಲಿ ಆಗುವುದಿಲ್ಲ. ವರ್ಷಕ್ಕೆಷ್ಟು ಎಣ್ಣೆ ಹಾಕಬೇಕು ಅಂತ ಪಕ್ಕದ ಮನೆಯವರು ಕೇಳಿದ್ದರಿಂದ ಇದನ್ನು ಹೇಳುತ್ತಿದ್ದೇನೆ.

ದುಡ್ಡು ಕೊಡುವ ಮೊದಲು ಅಂಗಡಿಯಲ್ಲೇ ಆನ್ ಮಾಡಿಸಿ ವಾಲಿಸಿ ನೋಡಿದೆ. ಟಕ್ ಅಂತ ನಿಂತಿತು. ಐಎಸ್ಐ ಗುರುತು, ಅದರ ಜೊತೆ ರೂಮ್ ಹೀಟರಿನ ಐಎಸ್ 302 ಭಾಗ 2 ಸೆಕ್ಷನ್ 30 ಅನ್ನುವ ನಂಬರು, ತುಂಬಾ ಕಾದರೆ ತಾನೇ ಕಟ್ ಆಗುವ ವ್ಯವಸ್ಥೆ, ಕೋಣೆ ಬೇಕಾದಷ್ಟು ಬೆಚ್ಚಗಾದಾಗ ಹೀಟರ್ ನಿಲ್ಲಿಸುವ ಥರ್ಮೋಸ್ಟಾಟ್, ದಪ್ಪ ಮೂರು ಪಿನ್ನಿನ ಪ್ಲಗ್. ಎಲ್ಲ ಇತ್ತು. 7,800 ರೂಪಾಯಿ.

ಮೊದಲ ರಾತ್ರಿ 1200 ವ್ಯಾಟಿಗೆ ಇಟ್ಟೆ. ನಮ್ಮ ಮೀಟರ್ ಮೇಲೆ 3200 ಇಂಪಲ್ಸ್ ಅಂತ ಬರೆದಿದೆ. ಕೆಂಪು ಲೈಟು ಅಷ್ಟು ಸಲ ಮಿಣುಕಿದರೆ ಒಂದು ಯೂನಿಟ್. ಮನೆಯದೆಲ್ಲ ಆರಿಸಿ ಹೀಟರ್ ಒಂದೇ ಬಿಟ್ಟು ಎಣಿಸಿದೆ, ನಿಮಿಷಕ್ಕೆ 64. ಲೆಕ್ಕ ಸರಿಯಾಗಿತ್ತು. ಆದರೆ ಬೆಳಗಿನವರೆಗೆ ಥರ್ಮೋಸ್ಟಾಟ್ ಒಂದು ಸಲವೂ ಟಕ್ ಅನ್ನಲಿಲ್ಲ. ರಾತ್ರಿ ಎಂಟರಿಂದ ಬೆಳಿಗ್ಗೆ ಆರರವರೆಗೆ 12 ಯೂನಿಟ್ ತಿಂದು, ಕೋಣೆ 22 ದಾಟಿರಲಿಲ್ಲ.

ಕಾವು ಎಲ್ಲೋ ಸೋರುತ್ತಿದೆ ಅಂತ ಗೊತ್ತಾಯಿತು. ಸಂಜೆ ಗಾಳಿ ಎದ್ದ ಮೇಲೆ ಒಂದು ಊದುಬತ್ತಿ ಹಚ್ಚಿಕೊಂಡು ಕೋಣೆ ಸುತ್ತಿದೆ. ಕಿಟಕಿ ಚೌಕಟ್ಟಿನ ಎಡಗಡೆ ಹಿಡಿದರೆ ಹೊಗೆ ಒಳಕ್ಕೆ ನುಗ್ಗಿ ಅಡ್ಡ ಮಲಗಿತು. ಬಾಗಿಲ ಕೆಳಗೆ ಎರಡು ಬೆರಳು ಸಂದು. ಹಳೇ ಫ್ಯಾನ್ ತೂತು ಒಂದು ಕ್ಯಾಲೆಂಡರ್ ಹಿಂದೆ ಹಾಗೇ ತೆರೆದಿತ್ತು! ಮನೆ ಕಟ್ಟಿ ಹದಿನೆಂಟು ವರ್ಷ ಆಯಿತು, ಅದನ್ನು ನಾನು ಗಮನಿಸಿಯೇ ಇರಲಿಲ್ಲ. ತೂತಿಗೆ ಹಲಗೆ ಬಡಿದೆ. ಕಿಟಕಿ ಬಾಗಿಲಿನ ಅಂಚಿಗೆ ಅಂಟಿಸುವ ಫೋಮ್ ಪಟ್ಟಿ ಹಾಕಿದೆ, 120 ರೂಪಾಯಿ. ಕಿಟಕಿಗೆ ದಪ್ಪ ಪರದೆ. ಬಾಗಿಲ ಸಂದಿಗೆ ಸುರುಳಿ ಸುತ್ತಿದ ಹಳೇ ಕಂಬಳಿ. ಚಳ್ಳಕೆರೆಯ ಎರಡು ಕರಿ ಕಂಬಳಿ ಮನೆಯಲ್ಲಿದ್ದವು, ಅವನ್ನು ಮಂಚದ ಸುತ್ತ ಕಡಪ ಕಲ್ಲಿನ ಮೇಲೆ ಹಾಸಿದೆ. ಮೇಲಿನ ಗವಾಕ್ಷಿ ಮಾತ್ರ ನಾಲ್ಕು ಬೆರಳು ತೆರೆದೇ ಬಿಟ್ಟೆ. ಉಸಿರಾಡುವ ಮೂರು ಜೀವ ಇರುವ ಕೋಣೆಯನ್ನು ಪೂರ್ತಿ ಮುಚ್ಚಬಾರದು.

ಆವತ್ತು ರಾತ್ರಿ ಮೊದಲ ಒಂದು ಗಂಟೆ 1200, ಆಮೇಲೆ 800. ಹತ್ತೂವರೆಗೆ ಟಕ್ ಅಂದಿತು. ನನಗಾದ ಸಂತೋಷ ಅಷ್ಟಿಷ್ಟಲ್ಲ. ಕೋಣೆ 24ಕ್ಕೆ ನಿಂತಿತ್ತು. ಬೆಳಿಗ್ಗೆ ಮೀಟರ್ ನೋಡಿದರೆ ಹೀಟರ್ ಎಳೆದದ್ದು ಸುಮಾರು 5 ಯೂನಿಟ್. ಅದೇ ಹೀಟರ್, ಅದೇ ಚಳಿ.

ಈ 5 ಕೂಡ ನಮಗೆ ಜಾಸ್ತಿಯೇ. ಗೃಹಜ್ಯೋತಿಯಲ್ಲಿ ನಮಗೆ ಸಿಕ್ಕಿರುವ ಉಚಿತ ಮಿತಿ ತಿಂಗಳಿಗೆ 98 ಯೂನಿಟ್. ಮಿತಿ ದಾಟಿ 200ರ ಒಳಗಿದ್ದರೆ ಜಾಸ್ತಿ ಆದಷ್ಟಕ್ಕೆ ಮಾತ್ರ ದುಡ್ಡು. 200 ದಾಟಿತು ಅಂದರೆ ಪೂರ್ತಿ ಬಿಲ್ಲನ್ನು ನಾವೇ ಕಟ್ಟಬೇಕು. ಮನೆ ಖರ್ಚು 85 ಯೂನಿಟ್, ಹೀಟರ್ ದಿನಕ್ಕೆ 5ರಂತೆ ತಿಂಗಳಿಗೆ 150, ಒಟ್ಟು 235. ಯೂನಿಟ್ಟಿಗೆ ಸುಮಾರು 6 ರೂಪಾಯಿ ಹಿಡಿದರೂ 1,400 ದಾಟುತ್ತದೆ. ಮಗುವಿಗೋಸ್ಕರ ಅಷ್ಟು ಕಟ್ಟಲು ನಾನು ತಯಾರಿದ್ದೆ. ಆದರೆ ಹದಿನೈದು ದಿನಕ್ಕೆ ಮಗುವಿನ ತೂಕ ಚೆನ್ನಾಗಿ ಏರಿತು. ಇನ್ನು ರಾತ್ರಿಯೆಲ್ಲ ಬೇಡ, ಮಗುವಿನ ಎದೆ, ಬೆನ್ನು ಮುಟ್ಟಿ ನೋಡಿಕೊಳ್ಳಿ, ಕೈಕಾಲು ಸ್ವಲ್ಪ ತಣ್ಣಗಿದ್ದರೆ ಗಾಬರಿ ಬೇಡ ಅಂದರು ಡಾಕ್ಟರು. ಮಗು ಬೆವರುವಷ್ಟು ಕಾವೂ ತಪ್ಪು ಅಂತ ಎಚ್ಚರಿಸಿದರು. ಆಮೇಲೆ ಸಂಜೆ ಸ್ನಾನ ಆದ ಹೊತ್ತಿಗೆ ಒಂದು ಗಂಟೆ, ಬೆಳಗಿನ ಜಾವ ಮೂರರಿಂದ ಎರಡು ಗಂಟೆ, ಅಷ್ಟೇ. ದಿನಕ್ಕೆ 2 ಯೂನಿಟ್. ಆ ತಿಂಗಳು ಒಟ್ಟು 190ಕ್ಕೆ ನಿಂತಿತು. 98 ಕಳೆದು 92 ಯೂನಿಟ್ಟಿಗೆ ಕಟ್ಟಿದೆವು, ಐನೂರೈವತ್ತರ ಆಸುಪಾಸು.

ಚಳಿ ಜಾಸ್ತಿ ಇದ್ದ ಕೆಲವು ಸಂಜೆ ಹೀಟರ್ ಮಂಕಾದ ಹಾಗೆ ಅನಿಸಿತು. ಮೀಟರ್ ಹಿಡಿದು ನೋಡಿದರೆ ವೋಲ್ಟೇಜ್ 205. ವೋಲ್ಟೇಜ್ ಹತ್ತು ಪರ್ಸೆಂಟ್ ಇಳಿದರೆ ಕಾವು ಸುಮಾರು ಇಪ್ಪತ್ತು ಪರ್ಸೆಂಟ್ ಇಳಿಯುತ್ತದೆ. ಹೀಟರ್ ಕೆಟ್ಟಿತು ಅಂತ ವಾಪಸ್ ಒಯ್ಯುವ ಮೊದಲು ಇದನ್ನು ನೋಡಿಕೊಳ್ಳಿ.

ಬಾಣಂತಿ ಮನೆಯಲ್ಲಿ ನನಗೆ ದೊಡ್ಡ ಭಯ ಆಗಿದ್ದು ಮಗುವಿನ ಬಟ್ಟೆಯಿಂದ. ದಿನಕ್ಕೆ ಇಪ್ಪತ್ತು ಲಂಗೋಟಿ, ಬಿಸಿಲು ಹೋದ ಮೇಲೆ ಒಣಗಲ್ಲ. ಬೆಚ್ಚಗಿನ ರೆಕ್ಕೆ ಕಣ್ಣೆದುರೇ ಇದೆ. ಮೂರನೇ ದಿನವೇ ಅವ್ವ ಎರಡು ಬಟ್ಟೆ ಹೊದಿಸಿಬಿಟ್ಟಿದ್ದಳು. ಹೀಟರನ್ನು ಮುಚ್ಚಿದರೆ ಕಾವು ಹೊರಗೆ ಹೋಗದೆ ಬಟ್ಟೆಗೇ ಹಿಡಿಯುತ್ತದೆ. ಬೈಯಲಿಲ್ಲ. ಎದುರು ಗೋಡೆಗೆ ಹಗ್ಗ ಕಟ್ಟಿಕೊಟ್ಟೆ, ಹೀಟರಿನಿಂದ ಐದು ಅಡಿ ದೂರಕ್ಕೆ. ಅಲ್ಲೇ ರಾತ್ರಿಯೊಳಗೆ ಒಣಗುತ್ತಿದ್ದವು. ಆ ತೇವದಿಂದ ಕೋಣೆಯ ಗಾಳಿಯೂ ಒಣಗಲಿಲ್ಲ, ಮಗಳ ತುಟಿ ಒಡೆಯುವುದು ನಿಂತಿತು. ಹೀಟರ್ ಆಮ್ಲಜನಕ ಸುಡುತ್ತದೆ ಅಂತ ಒಬ್ಬರು ಹೆದರಿಸಿದ್ದರು. ಕರೆಂಟಿನ ಹೀಟರ್ ಏನನ್ನೂ ಸುಡುವುದಿಲ್ಲ. ಗಾಳಿ ಬಿಸಿಯಾದಾಗ ಒಣಗಿದ ಹಾಗೆ ಆಗುತ್ತದೆ, ಅಷ್ಟೇ.

ಮಂಚದಿಂದ ಹೀಟರಿಗೆ ಮೂರು ಅಡಿಗಿಂತ ಜಾಸ್ತಿ ದೂರ ಇಟ್ಟು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದಿದ್ದೆ. ವೈರು ಕಂಬಳಿ ಕೆಳಗೆ ಹೋಗಬಾರದು, ಗೋಡೆ ಪಕ್ಕ ಕಾಣುವ ಹಾಗೇ ಇರಬೇಕು. ಬಚ್ಚಲಿಗೆ ಒಯ್ಯುವ ಮಾತೇ ಇಲ್ಲ. ಹೀಟರ್ ಹಾಕಿದ ಇಪ್ಪತ್ತು ನಿಮಿಷಕ್ಕೆ ಪ್ಲಗ್ ಮುಟ್ಟಿ ನೋಡುವುದನ್ನು ಮಗಳಿಗೂ ಕಲಿಸಿದೆ. ಕೈ ಹಿಂದಕ್ಕೆ ಎಳೆಯುವಷ್ಟು ಬಿಸಿ ಇದ್ದರೆ ತಕ್ಷಣ ಆಫ್ ಮಾಡಿ ನನ್ನನ್ನು ಕರಿ ಅಂದಿದ್ದೆ. ಹೊಸ ಸಾಕೆಟ್ಟಿನಲ್ಲಿ ಅದು ಒಂದು ದಿನವೂ ಬಿಸಿಯಾಗಲಿಲ್ಲ.

ಐದು ತಿಂಗಳು ತುಂಬಿಸಿ ಮಗಳು ದಾವಣಗೆರೆಗೆ ಹೋದಳು. ಮಗು ಆಗ ಆರು ಕೆಜಿ. ಹೀಟರನ್ನು ಒರೆಸಿ, ನಿಲ್ಲಿಸಿಯೇ ಗೋಣಿಚೀಲ ಹೊದಿಸಿ ಇಟ್ಟಿದ್ದೇನೆ. ಈ ಡಿಸೆಂಬರ್‌ಗೆ ಅದು ಅವ್ವನ ಕೋಣೆಗೆ. ಅವಳಿಗೆ ಮಂಡಿ ನೋವು, ಬೆಳಗಿನ ಜಾವ ಕಾಲು ಮಡಚಲು ಆಗಲ್ಲ. ಮೊದಲು ಅರ್ಧ ಗಂಟೆ ಹೊರಗೆ ಪಡಸಾಲೆಯಲ್ಲಿ ಉರಿಸಿ, ಕೂತ ಧೂಳಿನ ವಾಸನೆ ಹೋದ ಮೇಲೆ ಒಳಗೆ ಇಡಬೇಕು. ಅವಳ ಕೋಣೆಯ ಕಿಟಕಿಗೆ ಊದುಬತ್ತಿ ಹಿಡಿದು ನೋಡಿದ್ದೇನೆ. ಫೋಮ್ ಪಟ್ಟಿ ಇನ್ನೂ ಎರಡು ಸುರುಳಿ ಬೇಕು.